ನೆಟ್ಟಗಾದ ಅಕ್ಷರ

ಮತ್ತೆ ಆ ಎಳ್ಳೆಣ್ಣೆಯ ವಾಸನೆ, ಮೇಲಿನ ಮಹಡಿಯಿಂದ ಒಂದೊಂದೇ ಮೆಟ್ಟಿಲಿಳಿದು ನಮ್ಮ ಬಾಗಿಲ ಸಂದಿಯಲ್ಲಿ ನುಗ್ಗುತ್ತಿದೆ, ಬಾಗಿಲ ಆಚೆ ಬದಿಗೆ ಆ ಕೆಂಪು ಕಾಗದ, ರಾಮ ರಾಮ, ಎಷ್ಟನೇ ಮಣಿಯಲ್ಲಿದ್ದೆ ನಾನು — ನಾಳೆ ಅವರಿಗೆ ಹೊಸ ವರ್ಷ, ಮೇಲಿನ ಮನೆಯ ಚೀನಾದವರಿಗೆ, ಹಿಂದಿನ ಸಂಜೆ ಮನೆಮಂದಿಯೆಲ್ಲ ಒಂದೇ ಮೇಜಿಗೆ ಕೂರಬೇಕಂತೆ, ಕಲೋನಿನಿಂದ ಕಿರಿಮಗನೂ ಬಂದಿದ್ದಾನೆ, ಇಡೀ ಮೀನು ಬೇಯಿಸಿ ಒಂದಿಷ್ಟು ಉಳಿಸಲೇಬೇಕಂತೆ, ಸಿರಿ ಉಳಿಯಲಿ ಎಂದು, ಉಳಿಯಲಿ, ಯಾರು ಬೇಡವೆಂದರು, ಆದರೆ ಆ ಮನೆಮಂದಿಯ ನಡುವೆ ನನ್ನ ಮೊಮ್ಮಗಳು ರಿಯಾ ಯಾಕೆ, ಮಧ್ಯಾಹ್ನದಿಂದ ಅಲ್ಲೇ ಕಡುಬು ಮಡಿಸುತ್ತಾ ಕೂತಿದ್ದಾಳೆ, ಆ ಮನೆಯ ಮುದುಕಿಯನ್ನು ನೈನೈ ಎನ್ನುತ್ತಾಳೆ, ಅಜ್ಜಿ ಅಂತಲೇ ಅರ್ಥ, ನನ್ನನ್ನು ಅಜ್ಜಿ ಎನ್ನುವಾಗ ಅಷ್ಟು ರಾಗವಿಲ್ಲ, ಯುಗಾದಿಗೆ ಊರಿಂದ ತಂದ ಒಣಬೇವಿಗೆ ಬೆಲ್ಲ ಬೆರೆಸಿ ಕೊಟ್ಟರೆ ಇಗಿಟ್ ಎಂದು ಉಗಿದವಳು ಅಲ್ಲಿ ಏನು ಕೊಟ್ಟರೂ ತಿನ್ನುತ್ತಾಳೆ, ತಿನ್ನಲಿ, ಆದರೆ ಕಥೆ, ನನ್ನ ಕಥೆ — ಬಾಗಿಲ ಮೇಲೆ ನಾಳೆ ಬಾ ಎಂದು ಬರೆದರೆ ದೆವ್ವ ಓದಿಕೊಂಡು ವಾಪಸು ಹೋಗುತ್ತದೆ, ಮಾರನೆಯ ದಿನ ಬರುತ್ತದೆ, ಮತ್ತೆ ಓದುತ್ತದೆ, ಎರಡು ವರ್ಷ ಆ ಕಥೆಗೆ ನನ್ನ ಸೆರಗು ಬಿಟ್ಟವಳಲ್ಲ, ಈಗ ಅವರದೊಂದು ನಿಯೆನ್ ಮೃಗವಂತೆ, ಕೆಂಪು ಕಂಡರೆ ಓಡುತ್ತದಂತೆ, ಅಜ್ಜೀ ನೈನೈ ದೆವ್ವ ಜಾಸ್ತಿ ಕೂಲ್, ನಿನ್ ದೆವ್ವ ಸ್ವಲ್ಪ ಡುಮ್, ಡುಮ್ ಎಂದರೆ ದಡ್ಡ ಎಂದು ನನಗೆ ತಿಳಿಯದೇ, ಜರ್ಮನಿಯ ಈ ಯೇನಾ ಊರಿಗೆ ಬಂದು ಆರು ವರ್ಷವಾಯಿತು.

ಈಗಷ್ಟೇ ಇಳಿದು ಬಂದಿದ್ದಳು, ಕೈಯಲ್ಲಿ ಬಟ್ಟಲು, ಅಜ್ಜೀ ಇದು ನಿಂಗೇ, ಮಾಂಸ ಇಲ್ಲ, ಬರೀ ಸೊಪ್ಪು, ನಾನೇ ಬೇರೆ ಮಡಿಸಿದ್ದು — ಬಾಗಿಲು ನೋಡಿ ನಿಂತುಬಿಟ್ಟಳು, ಬೆಳಿಗ್ಗೆ ತಾನೇ ಬರೆದು ತಲೆಕೆಳಗಾಗಿ ಅಂಟಿಸಿದ್ದ ಭಾಗ್ಯ ಎಂಬ ಚೀನೀ ಅಕ್ಷರ ನೆಟ್ಟಗೆ ನಿಂತಿತ್ತು, ಇದ್ಯಾರು ತಿರುಗ್ಸಿದ್ದು? ಉಲ್ಟಾ ಇತ್ತಲ್ಲ ಪುಟ್ಟೀ, ಸರಿ ಮಾಡ್ದೆ. ನೈನ್, ಹಾಗಲ್ಲ ಅಜ್ಜೀ, ಉಲ್ಟಾನೇ ಇರ್ಬೇಕು, ಅವ್ರ ಭಾಷೇಲಿ ಉಲ್ಟಾ ಅನ್ನೋದೂ ಬಂತು ಅನ್ನೋದೂ ಒಂದೇ ಥರ ಕೇಳ್ಸುತ್ತೆ, ಉಲ್ಟಾ ಹಾಕಿದ್ರೆ ಭಾಗ್ಯ ಬಂತು ಅಂತ, ಹೇಳಿದ್ನಲ್ಲ? ಗೊತ್ತಿರಲಿಲ್ಲ ಕಂದಾ ಎಂದೆ, ಜಪಮಾಲೆ ಕೈಯಲ್ಲಿ ಹಿಡಿದುಕೊಂಡೇ ಎಂದೆ — ಹೇಳಿದ್ದಳು, ಮೊನ್ನೆ, ಇದೇ ಕುರ್ಚಿಯ ಪಕ್ಕ, ಎರಡು ಸಲ, ಕಣ್ಣು ಮುಚ್ಚಿ ಜಪದಲ್ಲಿರುವವಳಂತೆ ಕೂತು ಪೂರಾ ಕೇಳಿಸಿಕೊಂಡಿದ್ದೆ. ಅವಳು ನಂಬಿದಳು. ಕಾಗದ ಕೀಳಹೋದಳು, ಮೂಲೆ ಹರಿಯಿತು, ಪರ್ವಾಗಿಲ್ಲ ಬಿಡು, ಭಾಗ್ಯಕ್ಕೂ ನಾಳೆ ಬಾ ಅಂದ್ಬಿಟ್ಟೆ ನೀನು, ಎಂದು ನಕ್ಕು ಮೆಟ್ಟಿಲು ಹತ್ತಿ ಓಡಿದಳು, ನನ್ನ ಕಥೆ, ನನ್ನ ಕಥೆಯೇ ಅವಳ ಬಾಯಲ್ಲಿತ್ತು, ಮೇಲೆ ಯಾರೋ ನಗುತ್ತಿದ್ದಾರೆ, ಬಟ್ಟಲಲ್ಲಿ ಕಡುಬು ಆರುತ್ತಿದೆ, ಮಡಿಕೆಯ ಮೇಲೆ ಸಣ್ಣ ಬೆರಳಿನ ಗುರುತು, ರಾಮ, ಮಣಿ ಮುಂದಕ್ಕೆ ಹೋಗುತ್ತಿಲ್ಲ, ರಾಮ, ಬಾಗಿಲು ಮುಚ್ಚಿಯೇ ಇದೆ, ಆದರೂ ಕಾಣುತ್ತಿದೆ — ಕೆಂಪು ಕಾಗದ, ಹರಿದ ಮೂಲೆ, ನೆಟ್ಟಗೆ ನಿಂತ ಅಕ್ಷರ.