ಹೊಸಬರಿಗೆ ಯಾವ ದ್ವೀಪ

ಟಣ್, ಮತ್ತೆ ಟಣ್, ಹುಚ್ಚಮ್ಮ ಬೆರಳ ಗೆಣ್ಣಿನಿಂದ ಕೊಡ ಬಡಿದು ನಾದ ನೋಡುತ್ತಿದ್ದಾಳೆ, ಯಗಟಿಯಿಂದ ಬಸ್ಸು ಹಿಡಿದು ಬಂದವಳು, ಮಗಳ ಮದುವೆಗೆ ಹಿತ್ತಾಳೆ ಕೊಡ ಬೇಕಂತೆ, ಬಡೀಲಿ, ಅಂಗಡಿಯಲ್ಲಿರುವ ಅಷ್ಟೂ ಬಡೀಲಿ, ರೇಗುವ ಶಕ್ತಿ ನನಗೆ ಇವತ್ತಿಲ್ಲ, ತೊಡೆಯ ಮೇಲೆ ಈ ನೀಲಿ ಇನ್‌ಲ್ಯಾಂಡ್ ಕಾಗದ ಇದೆ, ಕೊಡುವಾಗ ಪೋಸ್ಟಿನ ಲಕ್ಷ್ಮಣಪ್ಪ ನನ್ನ ಕಡೆ ನೋಡಲಿಲ್ಲ, ಅಮ್ಮಾವ್ರ ಹೆಸ್ರಿಗೆ ಬಂದೈತೆ ತೀರ್ಥಪ್ಪೋರೇ, ಉತ್ತರ ಬರೆಯೋದಿದ್ರೆ ನಾಲ್ಕರೊಳಗೆ ಕೊಡಿ, ಟಪಾಲು ಕಟ್ಬಿಡ್ತೀವಿ. ಶ್ರೀಮತಿ ಮಲ್ಲಿಕಾಂಬ, ಪಾತ್ರೆ ಅಂಗಡಿ, ಅಜ್ಜಂಪುರ — ಅಂಗಡಿ ಇದೆ, ಅಜ್ಜಂಪುರ ಇದೆ, ನನ್ನವಳಿಲ್ಲ, ಹನ್ನೊಂದು ದಿನವಾಯಿತು, ಮೂರೇ ದಿನದ ಜ್ವರ, ನಾಲ್ಕನೇ ದಿನ ಬೆಳಿಗ್ಗೆ ನಾನು ಕಾಫಿ ಲೋಟ ಹಿಡಿದು ನಿಂತೇ ಇದ್ದೆ. ಬರೆದವನು ಅವಳ ಅಣ್ಣನ ಮಗ ಮಂಜಪ್ಪ, ನೌಕಾಪಡೆಯವನು, ಬೆನ್ನಿಗೆ ಗಾಳಿ ತುಂಬಿದ ಸಿಲಿಂಡರ್ ಕಟ್ಟಿಕೊಂಡು ಸಮುದ್ರದ ತಳ ಮುಟ್ಟಿ ಬರುವ ಕೆಲಸ, ಈಗ ಲಕ್ಷದ್ವೀಪದಲ್ಲಿದ್ದಾನೆ, ಹೆತ್ತವರಿಲ್ಲದವನು, ಅಲ್ಲಿಯ ವಿಳಾಸ ಅವಳೊಬ್ಬಳಿಗೇ ಗೊತ್ತಿದ್ದದ್ದು, ಅವನಿಗಿನ್ನೂ ಯಾರೂ ತಿಳಿಸಿಲ್ಲ.

ಅತ್ತೆ, ನೀವು ಕೇಳಿದ್ರಲ್ಲ, ಹೊಸದಾಗಿ ಮುಳುಗೋದು ಕಲಿಯೋರಿಗೆ ಯಾವ ದ್ವೀಪ ಒಳ್ಳೇದು ಅಂತ, ಮೂರು ಹೆಸರು ಬರೆದಿದೀನಿ, ಒಂದು ಆರಿಸಿ ಬೇಗ ತಿಳಿಸಿ, ಪರ್ಮಿಟ್ ಮಾಡಿಸ್ಬೇಕು, ಕವರತ್ತಿಯಲ್ಲಿ ಎಲ್ಲಾ ಅನುಕೂಲ ಇದೆ, ಜನ ಜಾಸ್ತಿ, ಮಿನಿಕಾಯ್ ನೋಡೋಕೆ ಚೆಂದ, ದೂರ, ಹಡಗಲ್ಲಿ ಹೊಟ್ಟೆ ತೊಳಸುತ್ತೆ, ಕದಮತ್‌ನಲ್ಲಿ ದಡದ ಹತ್ರ ಎದೆಮಟ್ಟದ ನೀರು, ಸೆಳೆತ ಇಲ್ಲ, ತಳದ ಮರಳು ಕಾಣುತ್ತೆ, ನೀರು ನಮ್ಮ ಬಚ್ಚಲ ಹಂಡೇಲಿ ಇದ್ದಂಗೆ ಬೆಚ್ಚಗಿರುತ್ತೆ. ಎದೆಮಟ್ಟ! ಲೇ ಪೆದ್ದ ಮಂಜ, ನಿಮ್ಮತ್ತೆಗೆ ಎದೆಮಟ್ಟದ ನೀರೇನೋ, ಲಕ್ಕವಳ್ಳಿಯಲ್ಲಿ ಹುಟ್ಟಿದವಳು, ಡ್ಯಾಮಿನ ಕೆಲಸ ನಡೆಯುವ ಕಾಲಕ್ಕೇ ಭದ್ರಾ ಹೊಳೆಯ ಈ ದಡದಿಂದ ಆ ದಡಕ್ಕೆ ಈಜಿದವಳು, ಅವಳು ಹೊಸಬಳೇನೋ — ಹೊಸಬಳಲ್ಲ, ಅದು ನನ್ನ ಕಣ್ಣಾರೆ ಕಂಡದ್ದು, ಮದುವೆಯಾಗಿ ಮೂರನೇ ತಿಂಗಳು, ತವರಿನಿಂದ ತಂದ ಕೊಡ ಹಗ್ಗದ ಕುಣಿಕೆ ಜಾರಿ ಬಾವಿಗೆ ಬಿತ್ತು, ಬಿದ್ದದ್ದನ್ನು ಕೊಕ್ಕೆ ಹಾಕಿ ಎತ್ತುವ ಪಾತಾಳಗರಡಿ ಇಡೀ ಕೇರಿಗೆ ಒಂದೇ, ಪಾಪಮ್ಮನ ಮನೆಯದು, ಸುಮ್ಮನೆ ತರುವ ಹಾಗಿಲ್ಲ, ನಮ್ಮದೊಂದು ಪಾತ್ರೆ ಅಲ್ಲಿಟ್ಟು ತರಬೇಕು, ಚೊಂಬು ಇಟ್ಟು ತಂದೆ, ಬರುವಷ್ಟರಲ್ಲಿ ಬಾವಿಯ ಸುತ್ತ ಜನವೋ ಜನ, ಬಗ್ಗಿದೆ. ಸೀರೆಗೆ ಕಚ್ಚೆ ಹಾಕಿ ಧುಮುಕಿಬಿಟ್ಟಿದ್ದಳು. ಎರಡೂ ಕೈಯಲ್ಲಿ ಕೊಡವನ್ನು ತಲೆಯ ಮೇಲೆ ಎತ್ತಿ ಹಿಡಿದು, ಕಾಲಲ್ಲೇ ತೇಲುತ್ತ, ನಗುತ್ತಿದ್ದಳು, ಅಷ್ಟು ಜನರ ನಡುವೆ ನನ್ನ ಮುಖ ಹುಡುಕುತ್ತಿದ್ದಳು. ಹುಡುಕಿದಳು, ಸಿಕ್ಕಿತು. ನಾನು ನಗಲಿಲ್ಲ.

ಗಂಡಸ್ರ ಮುಂದೆ ಒದ್ದೆ ಸೀರೇಲಿ ನಿಂತ್ಲಲ್ಲೋ ತೀರ್ಥ, ಮನೆ ಮಾನ ಬಾವಿಗೆ ಬಿತ್ತಲ್ಲೋ, ಅಂತ ಅವ್ವ, ಅವ್ವನದೇನು ತಪ್ಪು, ಬಾಯಿ ನನ್ನದೇ, ಮಾತು ನನ್ನದೇ, ಲಿಂಗ ಮುಟ್ಟಿ ಹೇಳು, ಇನ್ನು ಸಾಯೋತನಕ ನೀರಿಗೆ ಇಳಿಯಲ್ಲ ಅಂತ ಹೇಳು. ಕೂದಲಿನಿಂದ ನೀರು ಸೋರುತ್ತಿತ್ತು, ಕೊರಳ ಲಿಂಗವನ್ನು ಅಂಗೈಗೆ ತೆಗೆದುಕೊಂಡು ಹೇಳಿದಳು, ನಾನು ಹೇಳಿದ್ದಕ್ಕಿಂತ ಒಂದಕ್ಷರ ಹೆಚ್ಚಿಲ್ಲ, ಕಡಿಮೆಯಿಲ್ಲ. ಇಪ್ಪತ್ತೆರಡು ವರ್ಷ. ತವರಿಗೆ ಹೋದಾಗ ಹೊಳೆಯ ಮೆಟ್ಟಿಲ ಮೇಲೆ ಕೂರುತ್ತಿದ್ದಳು, ಪಾದ ಸೆರಗಿನೊಳಗೆ ಎಳೆದುಕೊಂಡು, ಬೆರಳ ತುದಿಯೂ ತೋಯದ ಹಾಗೆ, ನೋಡಿದ್ದೆ, ನೋಡಿಯೂ ಕಾಲಾದರೂ ಅದ್ದೇ ಅನ್ನಲಿಲ್ಲ, ಅನ್ನಬಹುದಿತ್ತು, ಒಂದು ಮಾತು, ಥೂ ನನ್ನ ಜನ್ಮಕ್ಕೆ, ಹನ್ನೊಂದು ದಿನದ ಹಿಂದೆ ಗುಣಿಯಲ್ಲಿ ಕೂರಿಸಿದಾಗ ಅದೇ ಲಿಂಗ ಅಂಗೈಯಲ್ಲಿಟ್ಟರು, ವಿಭೂತಿ ಸುರಿದರು, ಒಣ ಮಣ್ಣು ಎಳೆದರು, ಆಣೆಯನ್ನು ಕೈಯಲ್ಲಿ ಹಿಡಿದುಕೊಂಡೇ ಹೋದಳು. ತೀರ್ಥಪ್ಪೋರೇ, ಇದ್ರ ಕಂಠ ಸೊಟ್ಟಗೈತಲ್ರೀ, ಬೇರೆ ನೋಡ್ಲಾ — ನೋಡು ತಾಯಿ, ನೋಡು.

ಅಂದರೆ ನನ್ನ ಬೆನ್ನ ಹಿಂದೆ ಕಾಗದ ಬರೆದಳೇ, ಇಷ್ಟು ವರ್ಷವಾದ ಮೇಲೆ ಆಣೆ ಮುರಿಯುವ ಮನಸ್ಸಾಯಿತೇ, ಆಗಲಿ, ಮುರಿಯಬೇಕಿತ್ತು, ಮುರಿದು ಬಂದು ನನ್ನ ಮುಖಕ್ಕೆ ನೀರೆರಚಬೇಕಿತ್ತು — ಕಾಗದದ ಇನ್ನೊಂದು ಮಡಿಕೆ ಇದೆ, ಅಂಟಿಕೊಂಡಿದೆ, ಬಿಡಿಸಿದೆ. ಮಾವನೋರಿಗೆ ಈಜು ಬರಲ್ಲ, ನೀರು ಕಂಡ್ರೆ ಭಯ, ತಣ್ಣೀರು ಆಗಲ್ಲ, ಅವ್ರಿಗೆ ಕಲಿಸೋಕೆ ಬೆಚ್ಚಗಿರೋ ಕಡೆ ನೋಡು ಅಂತ ಬರೆದಿದ್ರಿ, ಅದಕ್ಕೇ ನಾನು ಹೇಳೋದು ಕದಮತ್, ಆದ್ರೆ ಅತ್ತೆ, ನೀವ್ಯಾಕೆ ಇಳಿಯಲ್ಲ ಅಂತೀರ, ದಡದಲ್ಲಿ ಕೂತು ನೋಡ್ತೀನಿ ಸಾಕು ಅಂತೀರ, ಮಾವ ಒಂದ್ಸಲ ನೀರೊಳಗಿನ ಚೆಂದ ಕಂಡ್ರೆ ಸಾಕು ಅಂತೀರ, ನನಗೆ ಅರ್ಥ ಆಗ್ಲಿಲ್ಲ.

ನನಗೆ ಅರ್ಥವಾಯಿತು ಮಂಜ. ಹೊಸಬ ನಾನು. ವೈಶಾಖದಲ್ಲೂ ಬಿಸಿನೀರು ಬೇಕು, ಬೆಕ್ಕಿಗೂ ನಿಮಗೂ ನೀರಂದ್ರೆ ಒಂದೇ ಕಣ್ರೀ, ಅಂತ ಹಂಡೆಗೆ ಸೌದೆ ತುರುಕುತ್ತ ನಗುತ್ತಿದ್ದಳು, ನಗುತ್ತಲೇ ನನಗೊಂದು ದ್ವೀಪ ಹುಡುಕುತ್ತಿದ್ದಳೇ, ಒಂದು ಸಲ ಮುಳುಗಿ ಎದ್ದರೆ ನಾನೇ ನೀನೂ ನೀರಿಗೆ ಬಾರೇ ಅನ್ನುತ್ತೇನೆ ಅಂದುಕೊಂಡಿದ್ದಳೇ, ಅನ್ನುತ್ತಿದ್ದೆ ಕಣೇ, ಖಂಡಿತ ಅನ್ನುತ್ತಿದ್ದೆ — ಅನ್ನುತ್ತಿದ್ದೆನೇ? ನಾಲ್ಕಕ್ಕೆ ಹತ್ತು ನಿಮಿಷ. ಹೊಸ ಇನ್‌ಲ್ಯಾಂಡ್ ತೆಗೆದೆ, ಕದಮತ್ ಅಂತ ಬರೆದೆ, ಅಕ್ಷರ ಚೆನ್ನಾಗಿಯೇ ಬಂತು, ಕೊನೆಯಲ್ಲಿ ಅವನು ಕೇಳಿದ್ದಾನೆ, ಪರ್ಮಿಟ್ಟಿಗೆ ಹೆಸರು ಬೇಕು, ಬರೋರು ಯಾರ್ಯಾರು, ತೀರ್ಥಪ್ಪ ಅಂತ ಬರೆದೆ, ಆಮೇಲೆ ಅವಳ ಹೆಸರಿನ ಜಾಗಕ್ಕೆ ಬಂದು ಪೆನ್ನು ನಿಂತಿತು, ತೂತೇನಾದ್ರೂ ಐತೇನೋ, ಬೆಳಕಿಗೆ ಹಿಡಿದು ನೋಡ್ತೀನಿ ಇರ್ರೀ, ಅಂತ ಹುಚ್ಚಮ್ಮ ಬಾಗಿಲಿಗೆ ಹೋಗಿ ಕೊಡವನ್ನು ಎರಡೂ ಕೈಯಲ್ಲಿ ತಲೆಯ ಮೇಲೆ ಎತ್ತಿದಳು, ನಗು, ತೀರ್ಥಪ್ಪ, ಈಗಲಾದರೂ ನಗು, ತಲೆಯ ಮೇಲೆ ಎತ್ತಿ ಹಿಡಿದ ಕೊಡ, ಅದರ ಕೆಳಗೆ ಒದ್ದೆ ಮುಖ, ನನ್ನ ಮುಖ ಹುಡುಕುವ ಆ ಕಣ್ಣು, ಎತ್ತಿ ಹಿಡಿದ ಕೊಡ —