ಟ್ಯೂಬ್ ಹಾಕಿದ ವಾರ

ನಮ್ಮ ಅಮ್ಮನಿಗೂ ದೊಡ್ಡಮ್ಮನಿಗೂ ನಡುವೆ ಇರುವುದು ಒಂದು ರಸ್ತೆ ಅಷ್ಟೇ. ನಮ್ಮ ಗೇಟು ಈಚೆ, ದೊಡ್ಡಮ್ಮನ ಗೇಟು ಆಚೆ. ತಿಂಡಿ ಮುಗಿಸಿ ಅಮ್ಮ ಕೈಚೀಲ ಹಿಡಿದು ದಾಟಿ ಹೋಗುತ್ತಾಳೆ, ಊಟದ ಹೊತ್ತಿಗೆ ದಾಟಿ ಬರುತ್ತಾಳೆ. ಅಕ್ಕತಂಗಿಯರು ಅಲ್ಲಿ ಕುಳಿತು ಏನು ಮಾಡುತ್ತಾರೆ ಎಂದರೆ, ಜಗಳ. ದೊಡ್ಡಮ್ಮನಿಗೆ ಮಂಡಿನೋವು, ಮೆಟ್ಟಿಲು ಇಳಿಯಲಾರಳು. ಅಮ್ಮನಿಗೆ ಕಿವಿ ಹೆಚ್ಚುಕಡಿಮೆ ಕೇಳಿಸುವುದೇ ಇಲ್ಲ, ಹಾಗಾಗಿ ಗುಟ್ಟಿನ ಮಾತನ್ನೂ ಇಡೀ ಬೀದಿಗೆ ಕೇಳಿಸುವ ಹಾಗೆ ಆಡುತ್ತಾಳೆ. ಅವಳಿಗೆ ದಿನ ಶುರುವಾಗುವುದು ಆ ರಸ್ತೆ ದಾಟಿದ ಮೇಲೆ.

ನಮ್ಮ ಬೀದಿ ಮೊದಲು ಹೀಗಿರಲಿಲ್ಲ. ದೊಡ್ಡ ರಸ್ತೆಗೆ ಸಿಗ್ನಲ್ ಬಂದದ್ದೇ ತಡ, ಅದನ್ನು ತಪ್ಪಿಸಿಕೊಳ್ಳಲು ಊರಿನ ಅರ್ಧ ಗಾಡಿಗಳು ಇಲ್ಲಿಗೆ ನುಗ್ಗತೊಡಗಿದವು. ಮೇಲಿನ ತಿರುವು ಮುಗಿದ ಕೂಡಲೇ ಇಳಿಜಾರು, ಇಳಿಜಾರಿನ ನಡುವೆ ನಮ್ಮ ಗೇಟು. ಅಲ್ಲಿಗೆ ಬರುವಷ್ಟರಲ್ಲಿ ಎಂಥ ಸಾಧು ಡ್ರೈವರನ ಕಾಲೂ ಆಕ್ಸಿಲರೇಟರಿನ ಮೇಲೆ ಭಾರವಾಗಿರುತ್ತದೆ. ನಾನು ಕೆಲಸ ಮಾಡುವ ಕನ್ನಡಕದ ಅಂಗಡಿ ಪಕ್ಕದ ಬೀದಿಯಲ್ಲೇ ಇದೆ. ಗಿರಾಕಿಯ ಮೂಗಿನ ಮೇಲೆ ಫ್ರೇಮ್ ಕೂರಿಸುತ್ತಿರುವಾಗ ಎಲ್ಲೋ ಬ್ರೇಕ್ ಕಿರುಚಿದರೆ ಸಾಕು, ಕೈ ತಪ್ಪಿ ಫ್ರೇಮಿನ ಕಡ್ಡಿ ಅವರ ಕಿವಿಗೆ ಚುಚ್ಚುತ್ತಿತ್ತು. ಫೋನ್ ಮಾಡೋಣವೆಂದರೆ ಅಮ್ಮನಿಗೆ ಅದರ ಗಂಟೆ ಕೇಳಿಸುವುದಿಲ್ಲ. ದೊಡ್ಡಮ್ಮನಿಗೆ ಮಾಡಿದರೆ, "ಬಂದಿದ್ದಾಳೆ ಕಣೆ, ಜಗಳ ಆಡ್ತಾ ಇದ್ದೀವಿ, ಇಡು" ಎನ್ನುತ್ತಿದ್ದಳು. ಆಗ ಸ್ವಲ್ಪ ಉಸಿರಾಡುತ್ತಿದ್ದೆ.

ಒಂದು ದಿನ ಯಾವುದೋ ಕಾರಿನ ಕನ್ನಡಿ ಅಮ್ಮನ ಮೊಣಕೈ ಸವರಿಕೊಂಡು ಹೋಯಿತು. ಗಾಯವೇನೂ ಆಗಲಿಲ್ಲ. ಆದರೆ ಸುದ್ದಿ ಅಣ್ಣನ ಕಿವಿಗೆ ಬಿತ್ತು, ಅವನು ಅಂದು ಸಂಜೆಯೇ ಬಂದ.

"ಅಮ್ಮನ್ನ ನಾನು ಕರ್ಕೊಂಡು ಹೋಗ್ತೀನಿ. ನಮ್ಮದು ನಾಲ್ಕನೇ ಮಹಡಿ, ರಸ್ತೆ ದಾಟೋ ಗೋಜೇ ಇಲ್ಲ" ಎಂದ.

"ನಿನ್ನ ಮನೆ ಇರೋದು ಊರಿನ ಆ ತುದೀಲಿ. ಅಲ್ಲಿ ಅವಳು ಜಗಳ ಆಡೋದು ಯಾರ ಜೊತೆ?"

"ನಿಮ್ಮ ಅತ್ತಿಗೆ ಇಲ್ವಾ?" ಎಂದ. ತಮಾಷೆಗೆ ಹೇಳಿದನೋ ನಿಜವಾಗಿ ಹೇಳಿದನೋ ತಿಳಿಯಲಿಲ್ಲ. ನಾನು ನಗಲಿಲ್ಲ. ನಾಲ್ಕನೇ ಮಹಡಿಯ ಕಿಟಕಿಯಲ್ಲಿ ಅಮ್ಮ ಬಾಯಿಮುಚ್ಚಿ ಕುಳಿತಿರುವುದೇ ನನ್ನ ಕಣ್ಣ ಮುಂದೆ ಬಂತು. ಕೊನೆಗೆ, ರಸ್ತೆಗೆ ಹಂಪ್ ಹಾಕಿಸಿದರೆ ಅಮ್ಮ ಇಲ್ಲೇ ಇರಲಿ, ಇಲ್ಲದಿದ್ದರೆ ಕರೆದುಕೊಂಡು ಹೋಗುವುದೇ ಸೈ ಎಂದು ಹೇಳಿ ಹೋದ.

ಮರುದಿನವೇ ನಗರಸಭೆಗೆ ಹೋದೆ. ರಸ್ತೆ ಇಂಜಿನಿಯರ್ ಒಬ್ಬ ಹೆಣ್ಣುಮಗಳು, ನನಗಿಂತ ಚಿಕ್ಕವಳು. ಮೇಜಿನ ಮೇಲೆ ನಕ್ಷೆ ಹರಡಿಕೊಂಡು ಅದರ ಮೂಲೆಗೆ ಟೀ ಲೋಟ ಇಟ್ಟಿದ್ದಳು.

"ಕೇಳಿದ ಕಡೆ ತಂದಿಡೋಕೆ ಹಂಪ್ ಏನು ಹೂಕುಂಡ ಅಲ್ಲಮ್ಮ" ಎಂದಳು. "ತಿರುವಿಗೆ ಹತ್ತಿರ ಆಗಬಾರದು, ಚರಂಡಿ ಮುಚ್ಚಳದ ಮೇಲೆ ಆಗಬಾರದು, ಬೀದಿದೀಪ ಹತ್ತಿರ ಇರಬೇಕು. ಆಂಬುಲೆನ್ಸ್‌ನವರು ಒಪ್ಪಬೇಕು. ಅದಕ್ಕೆಲ್ಲ ಮೊದಲು ನಿಮ್ಮ ಬೀದಿಯ ಹೆಚ್ಚಿನ ಮನೆಯವರು ಸಹಿ ಹಾಕಬೇಕು. ಆಮೇಲೆ ನಾವು ರಸ್ತೆಗೆ ಟ್ಯೂಬ್ ಹಾಕ್ತೀವಿ."

"ಟ್ಯೂಬಾ?"

"ರಬ್ಬರ್ ಟ್ಯೂಬ್. ಎರಡು. ಗಾಡಿ ಅದರ ಮೇಲೆ ಹೋದ್ರೆ ಎಷ್ಟು ಜೋರಾಗಿ ಹೋಯ್ತು ಅಂತ ಪೆಟ್ಟಿಗೆಗೆ ಗೊತ್ತಾಗುತ್ತೆ. ಒಂದು ವಾರ ನೋಡ್ತೀವಿ. ಜೋರಾಗಿ ಹೋಗೋರು ಸಾಕಷ್ಟು ಇದ್ರೆ ಹಂಪ್. ಇಲ್ಲಾಂದ್ರೆ ಎರಡು ವರ್ಷ ನೀವು ಮತ್ತೆ ಕೇಳೋ ಹಾಗಿಲ್ಲ."

"ನಮ್ಮಮ್ಮನಿಗೆ ಕಾರಿನ ಕನ್ನಡಿ ತಾಗಿದೆ, ಅದು ಲೆಕ್ಕಕ್ಕಿಲ್ವಾ?"

"ಬೇಜಾರಾಗುತ್ತಮ್ಮ. ಆದ್ರೆ ಬಂದೋರೆಲ್ಲ ಒಂದೊಂದು ಅಮ್ಮನ ಕತೆ ತರ್ತಾರೆ. ನಾನು ಯಾವ ಅಮ್ಮನಿಗೆ ಅಂತ ಹಾಕಲಿ?" ಎಂದಳು. ಸಿಟ್ಟು ಬಂತು. ಅವಳು ಹೇಳಿದ್ದರಲ್ಲಿ ತಪ್ಪು ಸಿಗಲಿಲ್ಲವಾದ್ದರಿಂದ ಇನ್ನಷ್ಟು ಸಿಟ್ಟು ಬಂತು.

ಸಹಿ ಹಾಕಿಸುವುದು ಕಷ್ಟವಾಗಲಿಲ್ಲ. ಹಂಪ್ ಬೇಕು ಎನ್ನದವರೇ ಇರಲಿಲ್ಲ. ಅವರವರ ಮನೆ ಮುಂದೆ ಮಾತ್ರ ಬೇಡ. ಸಂಗೀತದ ಟೀಚರಿಗೆ ಗಾಡಿ ಧಡಕ್ಕೆಂದರೆ ತಾಳ ತಪ್ಪುತ್ತದೆ. ಹಲ್ಲಿನ ಡಾಕ್ಟರು ಡ್ರಿಲ್ ಹಿಡಿದಿರುವಾಗ ನೆಲ ಅದುರಿದರೆ ಹೊಣೆ ಯಾರು ಎಂದು ಕೇಳಿದರು. ಮೂಲೆಮನೆಯಲ್ಲಿ ಒಬ್ಬರು ನಿವೃತ್ತರಿದ್ದಾರೆ. ಯಾವ ಸಂಘವೂ ಇಲ್ಲದ ನಮ್ಮ ಬೀದಿಯಲ್ಲಿ ಅವರನ್ನು ಎಲ್ಲರೂ ಅಧ್ಯಕ್ಷರು ಎಂದೇ ಕರೆಯುವುದು. ಅವರು ಸಹಿ ಹಾಕಿ, ಕೆಳಗೆ ಗೀಟೆಳೆದು, "ನಿಮ್ಮನೆ ಮುಂದೆ ಆದ್ರೆ ಚೆನ್ನಾಗಿರುತ್ತೆ, ನಮ್ಮನೆ ಮುಂದೆ ಅಂಥ ಸ್ಪೀಡ್ ಇಲ್ಲ" ಎಂದರು.

ಟ್ಯೂಬ್ ಹಾಕುವ ದಿನ ಬಂತು. ನಗರಸಭೆಯ ಅಳತೆಯವನು ನಮ್ಮ ಗೇಟಿನಿಂದ ಸ್ವಲ್ಪ ಕೆಳಗೆ ಎರಡು ಕಪ್ಪು ಟ್ಯೂಬುಗಳನ್ನು ರಸ್ತೆಗೆ ಅಡ್ಡಲಾಗಿ ಬಡಿದು, ಪೆಟ್ಟಿಗೆಯನ್ನು ದೀಪದ ಕಂಬಕ್ಕೆ ಸರಪಳಿಯಿಂದ ಬಿಗಿದು ಹೋದ. ಅಷ್ಟೇ, ಬೀದಿಯವರು ಮನೆಯೊಳಗೆ ಕೂರಲಾರದೆ ಗೇಟಿಗೆ ಬಂದು ನಿಂತರು. ನಾನೂ ನಿಂತೆ. ಅಧ್ಯಕ್ಷರು ಕುರ್ಚಿ ಹಾಕಿಕೊಂಡು ಕೂತರು. ಮೇಲಿನಿಂದ ರೊಯ್ಯನೆ ಬಂದ ಗಾಡಿಗಳು ಇಷ್ಟು ಜನ ದುರುಗುಟ್ಟುವುದನ್ನು ಕಂಡು, ಯಾರೋ ಸತ್ತಿರಬೇಕೆಂದುಕೊಂಡು ಮೆಲ್ಲಗೆ ತೆವಳಿಕೊಂಡು ಹೋದವು. ಎರಡು ದಿನ ಹೀಗೇ ಆಯಿತು. ನಮ್ಮ ಬೀದಿ ಅಷ್ಟು ಶಾಂತವಾಗಿದ್ದುದನ್ನು ನಾನು ವರ್ಷಗಳಿಂದ ಕಂಡಿರಲಿಲ್ಲ. ಕೈ ಕೈ ಹಿಸುಕಿಕೊಂಡೆ.

ಪೆಟ್ಟಿಗೆ ನೋಡಲು ಬಂದ ಅಳತೆಯವನು ತಲೆಯಾಡಿಸಿದ. "ಹೀಗೇ ಆದ್ರೆ ನಿಮ್ಮ ಬೀದಿ ಪಾಸಾಗಲ್ಲಕ್ಕ" ಎಂದ.

ಆ ಸಂಜೆ ನಮ್ಮ ಜಗುಲಿಯಲ್ಲಿ ಎಲ್ಲರೂ ಸೇರಿದರು. ತಲೆಗೊಂದು ಮಾತು. ಯಾರೂ ಹೊರಗೆ ನಿಲ್ಲಬಾರದೆಂದು ಮೊದಲು ತೀರ್ಮಾನವಾಯಿತು. ಆದರೆ ಹೋದ ಎರಡು ದಿನದ ನಷ್ಟ ತುಂಬುವುದು ಹೇಗೆ? ಅಧ್ಯಕ್ಷರು ಗಂಟಲು ಸರಿಮಾಡಿಕೊಂಡರು.

"ಟ್ಯೂಬಿಗೆ ಯಾರ ಗಾಡಿ ಅಂತ ಗೊತ್ತಾಗುತ್ತಾ? ನಮ್ಮ ಗಾಡಿಗಳೂ ಗಾಡಿಗಳೇ ಅಲ್ವಾ?"

ಹಲ್ಲಿನ ಡಾಕ್ಟರು ನಕ್ಕರು, ಸಂಗೀತದ ಟೀಚರು ಬಾಯಿಗೆ ಕೈ ಹಿಡಿದರು, ಅಷ್ಟರಲ್ಲಿ ಅದು ಒಪ್ಪಿಗೆಯೂ ಆಗಿಹೋಯಿತು. ನನ್ನ ಗಂಡ ಫ್ರಿಜ್ ರಿಪೇರಿ ಮಾಡುವವರು, ದಿನವಿಡೀ ಮೇಲೆ ಏಣಿ ಕಟ್ಟಿದ ವ್ಯಾನಿನಲ್ಲಿ ಓಡಾಟ. ಬಾಗಿಲಿಗೆ ಒರಗಿ ನಿಂತಿದ್ದವರು, "ಹತ್ತು ಸಲ ಹೋಗಿ ಬಂದರಾಯ್ತು, ಅದೇನು ಮಹಾ" ಎಂದರು.

"ಅಮ್ಮ ದಾಟೋ ಹೊತ್ತಲ್ಲಿ ಮಾತ್ರ ಬೇಡ" ಎಂದೆ. ಎಲ್ಲರೂ ಛೇ ಛೇ, ಅದು ಹೇಳಬೇಕಾ ಎಂದರು. ಅಮ್ಮ ಒಳಗಿನಿಂದ ಎಲ್ಲರಿಗೂ ಟೀ ತಂದಳು. ಅವಳಿಗೆ ಏನೂ ಕೇಳಿಸಿರಲಿಲ್ಲ, ನಾನೂ ಹೇಳಲಿಲ್ಲ. ಹೇಳಿದ್ದರೆ ಒಬ್ಬೊಬ್ಬರನ್ನೂ ಹೆಸರು ಹಿಡಿದು ಬೈಯುತ್ತಿದ್ದಳು.

ಮರುದಿನದಿಂದ ನಮ್ಮ ಬೀದಿಗೆ ಹುಚ್ಚು ಹಿಡಿಯಿತು. ಜೀವಮಾನದಲ್ಲಿ ಹಾರ್ನ್ ಕೂಡ ಹೊಡೆಯದ ಸಂಗೀತದ ಟೀಚರು ತುಟಿ ಕಚ್ಚಿಕೊಂಡು ಪುಟ್ಟ ಕಾರನ್ನು ಹಾರಿಸಿಕೊಂಡು ಹೋದರು. ಡಾಕ್ಟರು ಎರಡು ಹಲ್ಲುಗಳ ನಡುವೆ ಬಿಡುವು ಮಾಡಿಕೊಂಡು ಒಂದು ಸುತ್ತು ಬರುತ್ತಿದ್ದರು. ಅಧ್ಯಕ್ಷರ ಹಳೇ ಸ್ಕೂಟರು ಜೋರಾಗಿ ಹೋಗಲಾರದೆ ಜೋರಾಗಿ ಸದ್ದನ್ನಾದರೂ ಮಾಡಿತು. ನಾನು ಅಂಗಡಿಯಲ್ಲಿ ಕುಳಿತು ಆ ಸದ್ದುಗಳಿಗೆಲ್ಲ ಕಾಯುತ್ತಿದ್ದೆ. ನಿನ್ನೆಯವರೆಗೆ ಜೀವ ಹಿಂಡುತ್ತಿದ್ದ ಸದ್ದು ಈಗ ಕೇಳಿದರೆ ಒಳಗೊಳಗೇ ಸರಿ, ಇನ್ನೊಂದು ಬಂತು ಎನ್ನುತ್ತಿದ್ದೆ. ಆದರೂ ನಿಂತಲ್ಲಿ ನಿಲ್ಲಲಾಗುತ್ತಿರಲಿಲ್ಲ. ಒರೆಸಿದ ಗಾಜನ್ನೇ ಮತ್ತೆ ಒರೆಸುತ್ತಿದ್ದೆ.

ಕೊನೆಯ ದಿನ ಅಮ್ಮ ತಿಂಡಿಗೆ ಕೂರಲಿಲ್ಲ. ಹಿಂದಿನ ದಿನದ ಜಗಳದಲ್ಲಿ ದೊಡ್ಡಮ್ಮ ಕೊನೆಯ ಮಾತಾಡಿ ಗೆದ್ದಿದ್ದಳಂತೆ. ಅದಕ್ಕೆ ಉತ್ತರ ಅಮ್ಮನಿಗೆ ಬೆಳಗ್ಗೆ ಮುಖ ತೊಳೆಯುವಾಗ ಹೊಳೆದಿತ್ತು. ನಾನು ಬಚ್ಚಲಿನಲ್ಲಿದ್ದೆ. ಹೊರಗೆ ಬಂದಾಗ ಬಾಗಿಲು ತೆರೆದಿತ್ತು, ಕೈಚೀಲ ಇರಲಿಲ್ಲ. ಅವಳು ದಿನಾ ದಾಟುವ ಹೊತ್ತು ಇನ್ನೂ ಆಗಿರಲಿಲ್ಲ.

ಮೆಟ್ಟಿಲಿಗೆ ಓಡಿ ಬಂದೆ. ಅಮ್ಮ ಆಗಲೇ ರಸ್ತೆಯ ನಡುವೆ ಇದ್ದಳು. ಮೇಲಿನ ತಿರುವಿನಿಂದ ನಮ್ಮ ವ್ಯಾನು ಬಂತು, ಅದರ ತಲೆಯ ಮೇಲಿನ ಏಣಿ ಗಡಗಡ ಅಲ್ಲಾಡುತ್ತಿತ್ತು. ಕೂಗಿದೆ. ಯಾರಿಗೆ ಕೂಗಿದೆನೋ ಗೊತ್ತಿಲ್ಲ, ಒಬ್ಬರಿಗೆ ಕಿವಿ ಕೇಳಿಸದು, ಇನ್ನೊಬ್ಬರ ಗಾಜು ಮುಚ್ಚಿತ್ತು. ಅಮ್ಮ ತಲೆ ತಿರುಗಿಸಿ ವ್ಯಾನಿನ ಕಡೆ ನೋಡಿದ್ದನ್ನು ನಾನು ಕಂಡೆ. ನೋಡಿ, ಮತ್ತೆ ಮುಂದೆ ತಿರುಗಿ ಅದೇ ನಿಧಾನದಲ್ಲಿ ಹೆಜ್ಜೆ ಇಟ್ಟಳು. ಬ್ರೇಕ್ ಕಿರುಚಿತು. ವ್ಯಾನು ಅಡ್ಡಡ್ಡ ಜಾರಿ ಬಂದು ಅವಳ ಕೈಚೀಲಕ್ಕೆ ತಾಗಿ ನಿಂತಿತು. ಅಮ್ಮ ಕೈಯೂರಿ ಬಿದ್ದಳು.

ಮಣಿಕಟ್ಟು ಮುರಿದಿತ್ತು, ಬೇರೇನೂ ಇಲ್ಲ. ಆಸ್ಪತ್ರೆಯ ಬೆಂಚಿನ ಮೇಲೆ ನನ್ನ ಗಂಡ ತಲೆ ಹಿಡಿದು ಕುಳಿತಿದ್ದರು. "ನನ್ನ ಕಣ್ಣು ಟ್ಯೂಬಿನ ಮೇಲಿತ್ತು ಕಣೆ" ಎಂದರು. "ಟ್ಯೂಬ್ ಮುಟ್ಟೋವರೆಗೆ ಕಾಲು ತೆಗೀಬಾರದು ಅಂತ ಅದನ್ನೇ ನೋಡ್ತಾ ಇದ್ದೆ." ಬೈಯಲು ಬಾಯಿ ತೆರೆದೆ. ನನ್ನದೂ ಅದೇ ಆಸೆಯಾಗಿತ್ತಲ್ಲ, ಏನೆಂದು ಬೈಯಲಿ? ಅವರ ಪಕ್ಕದಲ್ಲೇ ಕುಳಿತು ಅತ್ತೆ.

ಬಂದವರೆಲ್ಲ ಅಮ್ಮನನ್ನು ಒಂದೇ ಮಾತು ಕೇಳಿದರು, ನೋಡಿದ ಮೇಲೂ ಹಿಂದಕ್ಕೆ ಯಾಕೆ ಸರಿಯಲಿಲ್ಲ ಎಂದು. ಅಮ್ಮ ಪಟ್ಟಿ ಕಟ್ಟಿದ ಕೈ ತೋರಿಸಿ, "ಬಿಡಿ, ವಾಸಿಯಾಗುತ್ತೆ" ಎನ್ನುತ್ತಿದ್ದಳು. ಪ್ರಶ್ನೆ ಕೇಳಿಸಲಿಲ್ಲವೆಂದು ನಾವು ಸುಮ್ಮನಾದೆವು.

ಬೀದಿ ಪಾಸಾಯಿತು. ನಕ್ಷೆ ಹಿಡಿದು ಜಾಗ ನೋಡಲು ಬಂದ ಇಂಜಿನಿಯರ್, "ನಿಮ್ಮ ಬೀದೀಲಿ ಜನ ಇಷ್ಟು ಜೋರಾಗಿ ಹೋಗ್ತಾರೆ ಅಂದ್ಕೊಂಡಿರಲಿಲ್ಲ, ವಾರದ ಕೊನೆಗಂತೂ ಅತಿಯಾಯ್ತು" ಎಂದಳು. ಅಧ್ಯಕ್ಷರು ಚಪ್ಪಲಿಯ ತುದಿ ನೋಡುತ್ತಾ ನಿಂತರು. ಹಂಪ್ ಯಾರ ಮನೆ ಮುಂದೆ ಎಂಬ ಜಗಳವೂ ಆಗಲಿಲ್ಲ. ನಮ್ಮ ಗೇಟಿನ ಮೇಲ್ಗಡೆಗೆ ಅವಳು ಸೀಮೆಸುಣ್ಣದಿಂದ ಗೆರೆ ಎಳೆದಳು. ಸ್ವಲ್ಪ ದಿನದಲ್ಲೇ ಡಾಂಬರು ಬಂತು, ಅದರ ಮೇಲೆ ಬಿಳಿ ಪಟ್ಟೆಗಳೂ ಬಂದವು.

ಅಣ್ಣ ಬಂದು ಹಂಪಿನ ಮೇಲೆ ನಿಂತು, ಕಾಲಿನಿಂದ ಒತ್ತಿ ನೋಡಿದ. ಗಾಡಿಗಳು ಒಂದೊಂದೂ ಬಂದು ತಗ್ಗಿ ಬಗ್ಗಿ ಹೋಗುವುದನ್ನು ನೋಡಿದ. "ಸರಿ, ಅಮ್ಮ ಇಲ್ಲೇ ಇರಲಿ" ಎಂದ. ನನಗೆ ಗೆದ್ದೆ ಅನ್ನಿಸಬೇಕಿತ್ತು. ಅನ್ನಿಸಲಿಲ್ಲ.

ಪಟ್ಟಿ ಬಿಚ್ಚಿದ ಮರುದಿನ ಅಮ್ಮ ಕೈಚೀಲ ತೆಗೆದುಕೊಂಡಳು. ನಾನು ಅಂಗಡಿಗೆ ತಡವಾದರೆ ಆಗಲಿ ಎಂದು ಗೇಟಿನವರೆಗೆ ಜೊತೆಗೆ ಬಂದೆ. ಆಚೆಯ ಕಿಟಕಿಯಲ್ಲಿ ದೊಡ್ಡಮ್ಮ ಕಾಯುತ್ತಿದ್ದಳು. ಕೆಲಸಕ್ಕೆ ಹೊರಟು ಏನೋ ಮರೆತು ಹಿಂದಿರುಗಿ ಬರುತ್ತಿದ್ದ ನನ್ನ ಗಂಡ, ನಮ್ಮನ್ನು ಕಂಡು ವ್ಯಾನನ್ನು ಹಂಪಿನ ಆಚೆಯೇ ನಿಲ್ಲಿಸಿದರು. ಇಂಜಿನ್ ಕೂಡ ಆರಿಸಿದರು. ಗಾಜು ಇಳಿಸಿ, ದಾಟಿ ಅತ್ತೆ ಎಂದು ಕೈ ಮಾಡಿದರು.

ಅಮ್ಮ ಕದಲಲಿಲ್ಲ.

"ಹೋಗಮ್ಮ, ನಿಲ್ಲಿಸಿದ್ದಾರಲ್ಲ" ಎಂದು ಅವಳ ಕಿವಿಯ ಹತ್ತಿರ ಹೇಳಿದೆ.

"ಅವತ್ತೂ ನಿಲ್ಲಿಸ್ತಾರೆ ಅಂತಾನೇ ನಡೆದಿದ್ದು" ಎಂದಳು ಅಮ್ಮ. ಮೆಲ್ಲಗೆ ಹೇಳುತ್ತಿದ್ದೇನೆ ಎಂದುಕೊಂಡಿರಬೇಕು. ಇಡೀ ಬೀದಿಗೆ ಕೇಳಿಸಿತು. "ಬೇರೆ ಯಾರದಾದ್ರೂ ಗಾಡಿ ಆಗಿದ್ರೆ ಹಿಂದಕ್ಕೆ ಬರ್ತಿದ್ದೆ ಕಣೆ. ಮೇಲೆ ಏಣಿ ಕಾಣಿಸ್ತು. ನಮ್ಮ ಅಳಿಯಂದ್ರು, ನನ್ನ ನೋಡಿ ನಿಲ್ಲಿಸದೆ ಇರ್ತಾರಾ ಅಂದ್ಕೊಂಡೆ."

ಕಿಟಕಿಯಿಂದ ಹೊರಗಿದ್ದ ನನ್ನ ಗಂಡನ ಕೈ ಹಾಗೇ ನಿಂತುಬಿಟ್ಟಿತು.

"ಅವರು ಹೋಗ್ಲಿ. ಆಮೇಲೆ ದಾಟ್ತೀನಿ" ಎಂದಳು. ಸಿಟ್ಟಿನ ದನಿಯಲ್ಲ, ದಾರಿಹೋಕರಿಗೆ ಹೇಳುವಷ್ಟು ಮರ್ಯಾದೆಯಿಂದಲೇ ಹೇಳಿದಳು.

ನಾನು ಹೋಗಿ ಎಂದು ಸನ್ನೆ ಮಾಡಿದೆ. ಇಂಜಿನ್ ಒಂದೇ ಸಲಕ್ಕೆ ಶುರುವಾಗಲಿಲ್ಲ. ಆಮೇಲೆ ವ್ಯಾನು ಮೆಲ್ಲಗೆ ಹಂಪ್ ಹತ್ತಿ ಇಳಿದು, ನಮ್ಮ ಮುಂದೆಯೇ ಹಾದು, ಮನೆಯ ಹತ್ತಿರ ನಿಲ್ಲದೆ ಹಾಗೇ ಕೆಳಗೆ ಹೋಯಿತು. ಅದು ಕಣ್ಮರೆಯಾಗುವವರೆಗೂ ಅಮ್ಮ ನೋಡಿದಳು. ಆಮೇಲೆ ಮೇಲೊಮ್ಮೆ, ಕೆಳಗೊಮ್ಮೆ, ಮತ್ತೆ ಮೇಲೊಮ್ಮೆ ನೋಡಿದಳು. ನಾನು ಕೈ ಚಾಚಿದೆ. ಅವಳು ಕೈಚೀಲವನ್ನು ನನ್ನ ಕಡೆಯಿದ್ದ ತನ್ನ ಕೈಗೆ ಬದಲಾಯಿಸಿಕೊಂಡು ಒಬ್ಬಳೇ ದಾಟಿದಳು.