ಎಡಗೈಯ ಗ್ರೀಸು

"ಸಾಬಾಣಕ್ಕ ಬಗ್ಗಂಗಿಲ್ಲ ಇದು," ಎನ್ನುತ್ತ ಸಾತವ್ವ ತೀರಿಹೋದ ತಮ್ಮನ ಎಡಗೈಯನ್ನು ಮೂರನೇ ಸಲ ತಿಕ್ಕತೊಡಗಿದಳು. ಅಂಗೈಯ ಗೆರೆಗಳಲ್ಲಿ, ಉಗುರಿನ ಸಂದಿಗಳಲ್ಲಿ ಗ್ರೀಸಿನ ಕಪ್ಪು ಹಾಗೇ ಕೂತಿತ್ತು. "ಈ ಕೈಯಾಗ ಲಿಂಗಾ ಇಟ್ಟ ಮಣ್ಣಿಗಿ ಇಡಬೇಕು. ಹಿಂಗ ಹೆಂಗ ಇಡೂದು?"

ಬಸಯ್ಯ ಹಿಂದಿನ ದಿನ ಸಂಜೆ ಇದೇ ಅಂಗಳದಲ್ಲಿ ಯಾರದೋ ಗಾಡಿಯ ಗಾಲಿ ಬಿಚ್ಚಿ, ಬೇರಿಂಗಿಗೆ ಗ್ರೀಸು ತುಂಬಿ, ಕೈ ತೊಳೆಸಿಕೊಳ್ಳಲು ಎದ್ದವನು ಎದೆ ಹಿಡಿದುಕೊಂಡು ಕುಸಿದಿದ್ದ. ಬೆಳಗಾವಿಯ ಸದಾಶಿವನಗರದ ಆ ಓಣಿಯ ಜನ ಈಗ ಒಂದೊಂದು ಉಪಾಯ ಹೇಳುತ್ತಿದ್ದರು. ಸೀಮೆಎಣ್ಣೆ ತನ್ನಿ ಎಂದವರೂ ಇದ್ದರು. ಹೆಂಡತಿ ಶಿವಬಸವ್ವ ಯಾರ ಮಾತಿಗೂ ಕಿವಿಗೊಡದೆ ಅಡುಗೆಮನೆಗೆ ಹೋದಳು. ಆ ಕೈಯ ಕೊಳೆ ಹೇಗೆ ಹೋಗುತ್ತದೆಂದು ಭೂಮಿಯ ಮೇಲೆ ಅವಳೊಬ್ಬಳಿಗೇ ಗೊತ್ತಿತ್ತು. ಮೂವತ್ತಾರು ವರ್ಷದ ವಿದ್ಯೆ ಅದು. ಎಣ್ಣೆಯ ಬಟ್ಟಲು, ಹಿಟ್ಟಿನ ಡಬ್ಬಿ ಹಿಡಿದು ಹೊರಗೆ ಬರುವಷ್ಟರಲ್ಲಿ ಗೇಟಿನ ಬಳಿ ನಿಂತ ಹೆಂಗಸೊಬ್ಬಳು ಹೇಳುತ್ತಿದ್ದಳು:

"ನೀರ ಹಾಕಬ್ಯಾಡ್ರಿ ಅಕ್ಕಾರ. ಮೊದಲ ಶೇಂಗಾ ಎಣ್ಣಿ ತಿಕ್ಕರಿ, ಮ್ಯಾಲ ಕಡ್ಲಿಹಿಟ್ಟು ಉದುರಸ್ರಿ. ತಾನ ಬಿಟ್ಟ ಬರತೈತಿ."

ಶಿವಬಸವ್ವ ಇದ್ದಲ್ಲೇ ನಿಂತುಬಿಟ್ಟಳು. "ಯಾರ ಆಕಿ?" ಎಂದು ಮಗ ಗೌರೀಶನನ್ನು ಕೇಳಿದಳು.

"ಖಾನಾಪುರದ ಗಂಗಾದೇವಿ ಅವರು, ಅವ್ವಾ. ಜೀಪ ತಂದಾರ. ಅಪ್ಪನ್ನ ಅದರಾಗ ಒಯ್ಯೂಣು ಅಂತಾರ."

ಖಾನಾಪುರ ಎಂಬ ಹೆಸರು ಕಿವಿಗೆ ಬಿದ್ದದ್ದೇ ತಡ, ಬೆಳಗಿನಿಂದ ಸುರಿಯುತ್ತಿದ್ದ ಅವಳ ಕಣ್ಣು ಒಣಗಿತು.

*

ಬಸಯ್ಯ ಊರಿನ ಕ್ಯಾಂಪ್ ಭಾಗದ ಒಂದು ಬೇಕರಿಯ ವ್ಯಾನು ಓಡಿಸುತ್ತಿದ್ದ. ಮಾತು ಬಲು ತುಟ್ಟಿ. ಭಾನುವಾರ ಅಂಗಳದಲ್ಲಿ ಗೋಣಿಚೀಲ ಹಾಸಿ ಪರಿಚಯದವರ ಗಾಡಿಗಳ ಗಾಲಿ ಬಿಚ್ಚುವುದು ಅವನ ಹುಚ್ಚು. ಬೇರಿಂಗುಗಳನ್ನು ಸೀಮೆಎಣ್ಣೆಯಲ್ಲಿ ತೊಳೆದು ಒರೆಸಿ, ಎಡ ಅಂಗೈಯಲ್ಲಿ ಗ್ರೀಸಿನ ಮುದ್ದೆ ಇಟ್ಟುಕೊಂಡು, ಬಲಗೈಯಿಂದ ಬೇರಿಂಗನ್ನು ಅದಕ್ಕೆ ಒತ್ತುತ್ತಿದ್ದ. ಕೆಳಗೆ ಒತ್ತಿದ ಗ್ರೀಸು ಉರುಳೆಗಳ ನಡುವಿನಿಂದ ಮೇಲೆ ಶಾವಿಗೆಯ ಹಾಗೆ ಬರಬೇಕು. ಬರುವವರೆಗೂ ಬಿಡುತ್ತಿರಲಿಲ್ಲ.

ಕೆಲಸ ಮುಗಿದ ಮೇಲೆ ಬಚ್ಚಲ ಕಲ್ಲಿನ ಮುಂದೆ ಬಂದು ಎರಡೂ ಕೈ ಚಾಚಿ ನಿಲ್ಲುತ್ತಿದ್ದ. ಚೊಂಬು ಮುಟ್ಟುವಂತಿಲ್ಲ, ನಲ್ಲಿ ಮುಟ್ಟುವಂತಿಲ್ಲ. ಅವಳು ಎಣ್ಣೆ ಸವರಿ, ಹಿಟ್ಟು ಉದುರಿಸಿ, ಬೆರಳು ಬೆರಳನ್ನೂ ತಿಕ್ಕಿ ತೊಳೆಯುತ್ತಿದ್ದಳು. ಮದುವೆಯ ಹೊಸತರಲ್ಲಿ, ಜನ ತುಂಬಿದ ಮನೆಯಲ್ಲಿ, ಹಗಲು ಹೊತ್ತು ಗಂಡನ ಕೈ ಹಿಡಿಯಲು ಅವಳಿಗೆ ಸಿಕ್ಕ ನೆವ ಅದೊಂದೇ. ಆಮೇಲೆ ಜನ ಕಡಿಮೆಯಾದರೂ ಅವಳು ಅದನ್ನು ಬಿಟ್ಟುಕೊಡಲಿಲ್ಲ. ಮಗ ಚೊಂಬು ಹಿಡಿದು ಬಂದರೂ ಕಸಿದುಕೊಳ್ಳುತ್ತಿದ್ದಳು.

ಆದರೆ ವರ್ಷಕ್ಕೊಮ್ಮೆ, ಮಳೆಗಾಲ ಹಿಡಿಯುವ ಮುಂಚೆ, ಬಸಯ್ಯ ಗ್ರೀಸಿನ ಡಬ್ಬಿ ಚೀಲಕ್ಕೆ ಹಾಕಿಕೊಂಡು ಖಾನಾಪುರದ ಬಸ್ಸು ಹತ್ತುತ್ತಿದ್ದ. "ಸತ್ತ ಗೆಳ್ಯಾನ ಜೀಪು. ಅವನ ಹೆಂಡ್ತಿ ಓಡಸ್ತಾಳ," ಎಂದಿದ್ದ, ಅಷ್ಟೇ. ಸಂಜೆ ಮರಳಿದಾಗ ಕೈ ಅಚ್ಚುಕಟ್ಟಾಗಿ ಸ್ವಚ್ಛ. ಉಗುರಿನ ಸಂದಿಯಲ್ಲೂ ಕಪ್ಪಿಲ್ಲ. ಹನ್ನೊಂದು ವರ್ಷ ಶಿವಬಸವ್ವ ಆ ಕೈಗಳನ್ನು ನೋಡಿದಳು, ಹೊಟ್ಟೆ ಉರಿಸಿಕೊಂಡಳು, ಯಾರು ತೊಳೆದರೆಂದು ಮಾತ್ರ ಕೇಳಲಿಲ್ಲ. ಕೇಳಿದರೆ ಉತ್ತರ ಬಂದೀತೆಂಬ ಹೆದರಿಕೆ. ಅಂದಿನ ಪಲ್ಯಕ್ಕೆ ಉಪ್ಪು ಎರಡು ಸಲ ಬೀಳುತ್ತಿತ್ತು. ಅವನು ಅದನ್ನೇ ತಿಂದು ಏಳುತ್ತಿದ್ದ.

*

ಮನೆತನದ ಹೊಲ ಖಾನಾಪುರದಾಚೆ ಇತ್ತು, ಸಮಾಧಿ ಅಲ್ಲೇ. ಬಸಯ್ಯನನ್ನು ಜೀಪಿನ ಹಿಂಬದಿಯಲ್ಲಿ ಕೂರಿಸಿ ಗೌರೀಶ, ಸಾತವ್ವ ಎರಡೂ ಕಡೆ ಹಿಡಿದುಕೊಂಡರು. ಗಂಗಾದೇವಿಯ ಪಕ್ಕದ ಸೀಟಿಗೆ ಶಿವಬಸವ್ವ ತಾನೇ ಹೋಗಿ ಹತ್ತಿದಳು. ಅವಳಿಗೆ ಆ ಹೆಂಗಸಿನ ಕೈ ನೋಡಬೇಕಿತ್ತು. ಬಳೆಯಿಲ್ಲದ, ಗಂಟು ಬಿದ್ದ ಕೈ. ಮುಖವೂ ಚೆಲುವಲ್ಲ. ಅದರಿಂದಲೂ ಸಮಾಧಾನವಾಗಲಿಲ್ಲ.

ಊರು ದಾಟುತ್ತಲೇ ಮುಂದಿನ ಗಾಲಿ ಗುರ್ರೆನ್ನತೊಡಗಿತು.

"ಈ ವರ್ಷ ಗ್ರೀಸ ಆಗಿಲ್ರಿ," ಎಂದಳು ಗಂಗಾದೇವಿ. "ಬರೂ ಐತಾರ ಬರತೀನಿ ಅಂದಿದ್ರು."

"ನಿಮ್ಮ ಮನಿಗೆ ಬಂದಾಗ ಅವರ ಕೈ ನೀ ತೊಳೀತಿದ್ಯೇನ?"

ಹನ್ನೊಂದು ವರ್ಷ ನುಂಗಿದ್ದು ಹೆಣದ ಮುಂದೆ ಬಾಯಿಗೆ ಬಂದಿತ್ತು. ಗಂಗಾದೇವಿ ಅರ್ಥವಾಗದೆ ತಿರುಗಿ ನೋಡಿದಳು.

"ಅವರ ಕೈಗೆ ಕೊಳಿ ಎಲ್ಲಿ ಆಗತಿತ್ರಿ? ಅವರು ಕುರ್ಚಿ ಮ್ಯಾಲ ಕುಂತ ಹೇಳವರು. ಬಿಚ್ಚಾಕಿ ನಾ, ತುಂಬಾಕಿ ನಾ. 'ಗಾಡಿ ನಿಂದು, ನಿನ್ನ ಕೈಗೇ ತಿಳೀಬೇಕು' ಅಂತಿದ್ರು. ನನ್ನ ಕೈ ಕರ್ರಗಾದಾಗ ಎಣ್ಣಿ-ಹಿಟ್ಟಿಂದು ಹೇಳಿಕೊಟ್ರು. 'ನಮ್ಮ ಮನಿಯಾಕಿ ಹಿಂಗ ತೊಳೀತಾಳ' ಅಂತ."

"ಗ್ರೀಸ ತುಂಬೂದು ಕಲಿಯಾಕ ಹನ್ನೊಂದು ವರ್ಷ ಬೇಕೇನ?"

"ನಟ್ಟು ಪೂರಾ ಬಿಗದು, ಮತ್ತ ಒಂದೀಟ ಸಡ್ಲ ಬಿಡಬೇಕ್ರಿ. ಆ ಒಂದೀಟ ನನಗ ಖರೇನ ತಿಳೀತಿದ್ದಿಲ್ಲ. ಅವರು ಗಾಲಿ ತಿರುವಿ, ಕಿವಿಗೊಟ್ಟು ಕೇಳಿ, ಹೂಂ ಅನಬೇಕು."

ಶಿವಬಸವ್ವನ ಎದೆಯ ಭಾರ ಇಳಿಯಿತು. ಇಳಿದ ಜಾಗದಲ್ಲೇ ಹೊಸ ಉರಿ ಎದ್ದಿತು. ಮನೆಯಲ್ಲಿ ಹೂಂ ಅನ್ನಲೂ ಬೇಸರ ಪಡುತ್ತಿದ್ದ ಮನುಷ್ಯ ಇವಳಿಗೆ ಇಷ್ಟೆಲ್ಲ ಮಾತಾಡಿ ಕಲಿಸಿದ. ತನ್ನನ್ನು ಒಂದು ದಿನವಾದರೂ ಆ ಗೋಣಿಚೀಲದ ಹತ್ತಿರ ಕರೆದಿರಲಿಲ್ಲ. ತನ್ನ ಪಾಲಿಗೆ ಕೊಳೆ, ಇವಳ ಪಾಲಿಗೆ ವಿದ್ಯೆ.

*

ಹೊಲದಲ್ಲಿ ಸ್ವಾಮಿಗಳು ಲಿಂಗವನ್ನು ಬಸಯ್ಯನ ಎಡಗೈಯಲ್ಲಿಟ್ಟರು. ಅಂಗೈ ಬೆಳ್ಳಗಿತ್ತು. ಬೆಳಿಗ್ಗೆ ಅದನ್ನು ಕೊನೆಗೂ ತೊಳೆದವಳು ಶಿವಬಸವ್ವನೇ, ಬೇರೆ ಯಾರಿಗೂ ಮುಟ್ಟಗೊಡದೆ. ವಿಭೂತಿ, ಪತ್ರೆ ಬಿದ್ದವು. ಆಮೇಲೆ ಮಣ್ಣು.

ಗಂಗಾದೇವಿಯ ಮನೆಗೆ ಬಂದು ಎಲ್ಲರೂ ಸ್ನಾನ ಮಾಡುವಾಗ ಗಾಲಿ ಇನ್ನೂ ಸುಡುತ್ತಿತ್ತು. "ಹಿಂಗ ಬೆಳಗಾವಿ ಮುಟ್ಟೂದಿಲ್ರಿ. ತಾಸಿನ್ಯಾಗ ತುಂಬತೀನಿ," ಎಂದು ಅವಳು ಗೋಣಿಚೀಲ ಹಾಸಿದಳು. ಬೇರಿಂಗು ತೊಳೆದು, ಉರುಳೆಗಳಿಗೆ ಗೀರು ಬಿದ್ದಿಲ್ಲವೆಂದು ನೋಡಿ, ಡಬ್ಬಿಗೆ ಕೈ ಹಾಕುವ ಹೊತ್ತಿಗೆ ಶಿವಬಸವ್ವ ಬಂದು ಎದುರಿಗೆ ಕೂತಳು. ಎಡಗೈ ಚಾಚಿದಳು.

"ಹಾಕು."

"ನಿಮಗ್ಯಾಕ್ರಿ ಅಕ್ಕಾರ, ಇವತ್ತ..."

"ಹಾಕಂತೀನಿ. ನಿನಗ ಅವರು ಹೆಂಗ ಹೇಳಿದ್ರು, ಹಂಗ ಹೇಳು. ಒಂದ ಮಾತ ಬಿಡಬ್ಯಾಡ."

ಗಂಗಾದೇವಿ ಹೇಳಿದಳು. ಅಗಲದ ಅಂಚು ಕೆಳಗ ಇರಲಿ. ಅಂಗೈ ಬುಡಕ್ಕ ಒತ್ತು. ಅವಸರ ಬ್ಯಾಡ, ಅದು ಒಳಗ ಹೋಗತೈತಿ. ಶಿವಬಸವ್ವ ಒತ್ತಿದಳು. ತೋಳು ನೋಯುವವರೆಗೆ ಒತ್ತಿದಳು. ಉರುಳೆಗಳ ನಡುವಿನಿಂದ ಗ್ರೀಸು ಶಾವಿಗೆಯಾಗಿ ಎದ್ದು ಬಂದಾಗ ಬೆಳಗಿನಿಂದ ನಿಂತಿದ್ದ ಅಳು ಮತ್ತೆ ಬಂತು. ಗಾಲಿ ಕೂರಿಸಿ, ನಟ್ಟು ಬಿಗಿದು, ಸಡಿಲಿಸಿ, ಇಬ್ಬರೂ ತಿರುವಿ ಕೇಳಿದರು. ಹೂಂ ಎನ್ನುವವರು ಇರಲಿಲ್ಲ.

ಗಂಗಾದೇವಿ ಎಣ್ಣೆ, ಹಿಟ್ಟು ತಂದು ಅವಳ ಕೈ ಹಿಡಿಯಹೋದಳು. ಶಿವಬಸವ್ವ ಕೈ ಹಿಂದಕ್ಕೆಳೆದುಕೊಂಡಳು.

ಬೆಳಗಾವಿಯವರೆಗೂ ಗಾಲಿ ಸದ್ದು ಮಾಡಲಿಲ್ಲ. ಅವಳು ಯಾರ ಸೆರಗೂ ತಗಲದಂತೆ ಕಪ್ಪು ಅಂಗೈಯನ್ನು ತೊಡೆಯ ಮೇಲೆ ತೆರೆದಿಟ್ಟುಕೊಂಡು ಕೂತಿದ್ದಳು.

ಮನೆ ಬಂದಾಗ ನೇರವಾಗಿ ಬಚ್ಚಲ ಕಲ್ಲಿನ ಮುಂದೆ ಹೋದಳು. ಗೌರೀಶ ಹಿಂದೆಯೇ ಚೊಂಬು ತಂದ.

"ಅಲ್ಲೇ ಇಟ್ಟ ಹೋಗು," ಎಂದಳು.

ಅವನು ಇಟ್ಟು ಸರಿದ. ಶಿವಬಸವ್ವ ಎರಡೂ ಕೈ ಚಾಚಿಕೊಂಡು ನಿಂತಿದ್ದಳು.